ಕೇಳುವ ವಿದ್ಯೆ: ಮಕ್ಕಳ ನ್ಯಾಯಪೀಠವೂ ಹೊರನಾಡ ಕನ್ನಡಿಗರೂ

(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಹೊರನಾಡಿನ ಕನ್ನಡ ಸಂಘಗಳ ವೇದಿಕೆಯಲ್ಲಿ ಸಾಹಿತ್ಯ, ಸಂಗೀತ, ನಾಟಕ, ರಾಜ್ಯೋತ್ಸವಗಳನ್ನು ಕುರಿತು ಮಾತನಾಡುವುದು ವಾಡಿಕೆ. ನಾನು ಇಂದು ಎತ್ತಿಕೊಂಡಿರುವ ವಿಷಯ ಜಗಳ. ಅದರಲ್ಲಿಯೂ ನಮ್ಮ ಹದಿಹರೆಯದ ಮಕ್ಕಳ ಜಗಳ, ಅವರ ತಪ್ಪು, ಆ ತಪ್ಪಿಗೆ ಅವರು ಉತ್ತರ ಕೊಡಬೇಕಾದ ಬಗೆ. ಇದು ಸಂಸ್ಕೃತಿಯ ವಿಷಯವಲ್ಲವೆಂದು ಯಾರಿಗಾದರೂ ತೋರಿದರೆ, ಕೊಂಚ ತಾಳ್ಮೆಯಿಂದ ಕೇಳಬೇಕೆಂದು ವಿನಂತಿ. ತನ್ನ ಜಗಳಗಳನ್ನು ಒಂದು ಸಮಾಜ ಹೇಗೆ ಬಗೆಹರಿಸಿಕೊಳ್ಳುತ್ತದೆ ಎಂಬುದಕ್ಕಿಂತ ಅದರ ಸಂಸ್ಕೃತಿಯನ್ನು ಅಳೆಯುವ ಬೇರೆ ಮಾನದಂಡ ನನಗೆ ಕಾಣುವುದಿಲ್ಲ.

ಈ ಊರಿನಲ್ಲಿಯೇ ನಡೆದ ಒಂದು ಸಂಗತಿಯಿಂದ ಆರಂಭಿಸುತ್ತೇನೆ. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿನಗರದಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಓಡಿಸುತ್ತಿದ್ದನೆಂದು ಆರೋಪಿಸಲಾದ ದುಬಾರಿ ಕಾರು ಒಂದು ಬೈಕಿಗೆ ಬಡಿದು, ಮಧ್ಯಪ್ರದೇಶದಿಂದ ಇಲ್ಲಿಗೆ ದುಡಿಯಲು ಬಂದಿದ್ದ ಇಬ್ಬರು ತರುಣ ಇಂಜಿನಿಯರುಗಳು ಸತ್ತರು. ನಮ್ಮ ಹಾಗೆಯೇ ಪರಸ್ಥಳದಿಂದ ಬಂದು ಈ ನಗರವನ್ನು ನಂಬಿದವರು ಅವರು. ಅದೇ ದಿನ ಬಾಲ ನ್ಯಾಯ ಮಂಡಳಿಯು ಹುಡುಗನಿಗೆ ಜಾಮೀನು ನೀಡಿತು. ಜಾಮೀನಿನ ಷರತ್ತುಗಳಲ್ಲಿ ಒಂದು, ರಸ್ತೆ ಅಪಘಾತಗಳನ್ನು ಕುರಿತು 300 ಪದಗಳ ಪ್ರಬಂಧ ಬರೆಯಬೇಕೆಂಬುದು. ಆ ಪ್ರಬಂಧದ ಸುದ್ದಿ ದೇಶವನ್ನೆಲ್ಲ ಕೆರಳಿಸಿತು. ಮೂರು ದಿನಗಳಲ್ಲಿ ಮಂಡಳಿ ತನ್ನ ಆದೇಶವನ್ನು ಬದಲಿಸಿ ಹುಡುಗನನ್ನು ಯರವಡಾದ ವೀಕ್ಷಣಾಲಯಕ್ಕೆ ಕಳುಹಿಸಿತು. ಜಾಮೀನು ಕೊಟ್ಟ ಮೇಲೆ ಹೀಗೆ ಕೂಡಿಡುವುದು ಕಾನೂನುಬಾಹಿರವೆಂದು ಜೂನ್ 25ರಂದು ಮುಂಬಯಿ ಉಚ್ಚ ನ್ಯಾಯಾಲಯ ಅವನನ್ನು ಬಿಡಿಸಿತು. ಅವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೆಂಬ ಪೊಲೀಸರ ಕೋರಿಕೆಯನ್ನು 2025ರ ಜುಲೈನಲ್ಲಿ ಮಂಡಳಿ ತಳ್ಳಿಹಾಕಿತು. ಇದರ ನಡುವೆ, ರಕ್ತದ ಮಾದರಿಯನ್ನೇ ಬದಲಿಸಿದರೆಂಬ ಆರೋಪದ ಮೇಲೆ ವೈದ್ಯರೂ ಹುಡುಗನ ಹೆತ್ತವರೂ ಬಂಧನಕ್ಕೊಳಗಾದರು.

ಆ ಪ್ರಕರಣದ ನ್ಯಾಯಾನ್ಯಾಯವನ್ನು ನಾನಿಲ್ಲಿ ತೀರ್ಮಾನಿಸಲಾರೆ. ಅದಕ್ಕೆ ನ್ಯಾಯಾಲಯಗಳಿವೆ. ಆದರೆ ಆ ಪ್ರಬಂಧ ನಮಗೇಕೆ ಅಷ್ಟು ಅಸಹ್ಯವೆನಿಸಿತು? ಅದು ಚಿಕ್ಕದೆಂದೇ? ಮೂರು ಸಾವಿರ ಪದಗಳಾಗಿದ್ದರೆ ನಮ್ಮ ಮನಸ್ಸು ತಣಿಯುತ್ತಿತ್ತೇ? ಇಲ್ಲ. ಅದು ದಂಡನೆಯಾಗಿರಲಿಲ್ಲ, ಜಾಮೀನಿನ ಷರತ್ತು ಮಾತ್ರ ಎಂದು ಬಲ್ಲವರು ವಿವರಿಸಿದರೂ ನಮಗೆ ಸಮಾಧಾನವಾಗಲಿಲ್ಲ. ನನಗೆ ತೋರುವ ಕಾರಣವಿದು: ಆ ಪ್ರಬಂಧವನ್ನು ಯಾರನ್ನೂ ಉದ್ದೇಶಿಸಿ ಬರೆಯಬೇಕಾಗಿರಲಿಲ್ಲ. ಅದಕ್ಕೆ ಓದುಗರಿರಲಿಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಮಾತನ್ನು, ಮಗಳನ್ನು ಕಳೆದುಕೊಂಡ ತಂದೆಯ ಮಾತನ್ನು ಕೇಳದೆಯೇ ಅದನ್ನು ಬರೆದು ಮುಗಿಸಬಹುದಾಗಿತ್ತು. ತಪ್ಪಿಗೂ ತಪ್ಪಿನಿಂದ ನೊಂದವರಿಗೂ ನಡುವೆ ಇರಬೇಕಾದ ಹಾದಿಯೇ ಅಲ್ಲಿ ಇರಲಿಲ್ಲ.

ನಮ್ಮ ಕಾನೂನು ಈ ಹಾದಿಯನ್ನು ಕಾಣದೆ ಇಲ್ಲ. 2015ರ ಬಾಲ ನ್ಯಾಯ ಕಾಯಿದೆಯಂತೆ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರಬೇಕು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ತಪ್ಪು ಮಾಡಿದ ಬಾಲಕನಿಗೆ ಬುದ್ಧಿ ಹೇಳಿ ಮನೆಗೆ ಕಳಿಸುವುದು, ಸಾಮೂಹಿಕ ಸಮಾಲೋಚನೆ, ಸಮುದಾಯ ಸೇವೆ, ಸನ್ನಡತೆಯ ಮೇಲೆ ಬಿಡುಗಡೆ, ಕೊನೆಗೆ ಹೆಚ್ಚೆಂದರೆ ಮೂರು ವರ್ಷಗಳ ವಿಶೇಷ ಗೃಹವಾಸ - ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಆದೇಶಗಳನ್ನು ಕಾಯಿದೆ ಸೂಚಿಸುತ್ತದೆ. ಇದೊಂದು ದಿನದಲ್ಲಿ ಮೂಡಿದ ವಿವೇಕವೂ ಅಲ್ಲ. ಪುಣೆ, ಧಾರವಾಡಗಳೆರಡೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದಾಗ 1924ರಲ್ಲಿ ಇಲ್ಲಿ ಮಕ್ಕಳ ಕಾಯಿದೆ ಬಂದಿತು. 1929ರ ಬೋರ್ಸ್ಟಲ್ ಶಾಲೆಗಳ ಕಾಯಿದೆ ಬಂದಾಗ ಆ ಪ್ರಾಂತದ ತರುಣ ಅಪರಾಧಿಗಳನ್ನು ಕಳಿಸಿದ್ದು ನಮ್ಮ ಧಾರವಾಡಕ್ಕೆ. ತರುಣರನ್ನು ಪಳಗಿದ ಕೈದಿಗಳ ಜೊತೆಗೆ ಇಡಬಾರದು, ತಿದ್ದಬೇಕು ಎಂಬ ಮಾತು ನಮ್ಮ ಸೀಮೆಗೆ ನೂರು ವರ್ಷ ಹಳೆಯದು.

ಆದರೆ ಕಾಯಿದೆ ಒಂದನ್ನು ಮಾಡಲಾರದು. ಹದಿನೇಳನೆಯ ವರ್ಷದಲ್ಲಿ ಮಂಡಳಿಯ ಮುಂದೆ ಬಂದು ನಿಂತ ಹುಡುಗನಿಗೆ ಇನ್ನೊಬ್ಬರ ನೋವನ್ನು ಕೇಳುವ ವಿದ್ಯೆಯನ್ನು ಮೊತ್ತಮೊದಲ ಬಾರಿಗೆ ಕಲಿಸುವುದು ಅದರಿಂದಾಗದು. ಆ ವಿದ್ಯೆ ಹತ್ತರಲ್ಲಿ, ಹನ್ನೆರಡರಲ್ಲಿ, ಸಣ್ಣ ಸಣ್ಣ ಜಗಳಗಳ ಮೇಲೆ ಕಲಿಯಬೇಕಾದದ್ದು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತದೆ ನಮ್ಮ ಗಾದೆ. ನಾವು ಮಕ್ಕಳಿಗೆ ಮಾತು ಕಲಿಸುತ್ತೇವೆ. ಭಾಷಣ ಸ್ಪರ್ಧೆ, ಚರ್ಚಾ ಸ್ಪರ್ಧೆಗಳಲ್ಲಿ ಪದಕ ಕೊಡುತ್ತೇವೆ. ಕೇಳುವುದಕ್ಕೆ ಪದಕವನ್ನು ಯಾವ ಸಂಘವೂ ಕೊಟ್ಟಂತೆ ಕಾಣೆ. ಕನ್ನಡದಲ್ಲಿ ಕೇಳು ಎಂಬ ಒಂದೇ ಧಾತುವಿಗೆ ಆಲಿಸು, ಪ್ರಶ್ನಿಸು ಎಂಬ ಎರಡೂ ಅರ್ಥಗಳಿವೆ. ನ್ಯಾಯ ಕೇಳಲು ಬಂದವನು, ದೂರು ಕೇಳುವ ಹಿರಿಯ, ಕ್ಷಮೆ ಕೇಳುವ ತಪ್ಪಿತಸ್ಥ - ಮೂವರೂ ಕೇಳುವವರೇ.

ಮಕ್ಕಳಿಗೇ ನ್ಯಾಯಪೀಠವನ್ನು ಒಪ್ಪಿಸಿ ಈ ವಿದ್ಯೆಯನ್ನು ಕಲಿಸಿದವರು ಹಿಂದೆಯೂ ಇದ್ದರು. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದ ಮೇಲೆ, ವಿದ್ಯಾರ್ಥಿಗಳ ಸಣ್ಣಪುಟ್ಟ ತಪ್ಪುಗಳನ್ನು ವಿದ್ಯಾರ್ಥಿಗಳೇ ವಿಚಾರಿಸುವ ಪದ್ಧತಿ ಅಲ್ಲಿ ಬೆಳೆಯಿತು. ಪೋಲೆಂಡಿನ ವಾರ್ಸಾ ನಗರದಲ್ಲಿ ವೈದ್ಯ ಯಾನುಷ್ ಕೋರ್ಚಾಕ್ 1912ರಲ್ಲಿ ಯೆಹೂದಿ ಅನಾಥ ಮಕ್ಕಳ ಮನೆಯೊಂದನ್ನು ತೆರೆದು ಮುಂದೆ ಅಲ್ಲಿ ಮಕ್ಕಳ ನ್ಯಾಯಾಲಯವನ್ನು ಸ್ಥಾಪಿಸಿದರು. ಆ ವಾರ ಯಾರ ಮೇಲೆ ದೂರು ಇಲ್ಲವೋ ಅಂಥ ಮಕ್ಕಳಲ್ಲಿ ಚೀಟಿ ಎತ್ತಿ ಐವರನ್ನು ನ್ಯಾಯಾಧೀಶರನ್ನಾಗಿ ಆರಿಸುತ್ತಿದ್ದರು. ಆ ನ್ಯಾಯಾಲಯದ ಸಂಹಿತೆಯ ಮೊದಲ ತೊಂಬತ್ತೊಂಬತ್ತು ಕಲಮುಗಳು ಕ್ಷಮೆಯ ಅಥವಾ ದೂರನ್ನು ಕೈಬಿಡುವ ಬೇರೆ ಬೇರೆ ಬಗೆಗಳು. ಕಠಿಣವಾದವು ನೂರರ ಅಂತರದಲ್ಲಿ ವಿರಳವಾಗಿ ಬರುತ್ತಿದ್ದು, ಸಾವಿರನೆಯ ಕಲಮು ಮಾತ್ರ ಮನೆಯಿಂದ ಹೊರಹಾಕುವುದು. ಇದರ ಮೇಲೂ ಒಂದು ಮಾತು: ಕೋರ್ಚಾಕ್ ಆರು ತಿಂಗಳಲ್ಲಿ ಐದು ಬಾರಿ ತಾವೇ ಆ ನ್ಯಾಯಾಲಯದ ಮುಂದೆ ನಿಂತರು. 1942ರ ಜುಲೈನಲ್ಲಿ, ನಾಜಿಗಳ ದಿಗ್ಬಂಧನದೊಳಗೆ, ಅದೇ ಮಕ್ಕಳು ಠಾಕೂರರ ಡಾಕ್‌ಘರ್ ನಾಟಕವನ್ನು ಆಡಿದರು. ಮರು ತಿಂಗಳು ಕೋರ್ಚಾಕ್ ಮತ್ತು ಮಕ್ಕಳು ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಒಟ್ಟಿಗೆ ಹೋದರು.

ಅಮೆರಿಕದಲ್ಲಿ ಈ ವಿಚಾರ ಬೇರೊಂದು ರೂಪ ತಾಳಿತು. 1983ರಲ್ಲಿ ಟೆಕ್ಸಸಿನ ಒಡೆಸ್ಸಾದಲ್ಲಿ ಆರಂಭವಾದ ತರುಣರ ನ್ಯಾಯಾಲಯ ಹಲವೆಡೆಗೆ ಮಾದರಿಯಾಯಿತು. ಸಣ್ಣ ಕಳವು, ಹೊಡೆದಾಟ, ವಸ್ತು ಒಡೆಯುವುದು ಮುಂತಾದ ಮೊದಲ ತಪ್ಪು ಮಾಡಿ, ಅದನ್ನು ಒಪ್ಪಿಕೊಂಡ ಹುಡುಗ ಹುಡುಗಿಯರು ತಮ್ಮದೇ ವಯಸ್ಸಿನವರ ಮುಂದೆ ಬರುತ್ತಾರೆ. ವಾದಿಸುವವರು, ತೀರ್ಮಾನಿಸುವವರು ಎಲ್ಲರೂ ತರುಣರೇ. ಸಮುದಾಯ ಸೇವೆ, ನೊಂದವರಿಗೆ ಪತ್ರ, ನಷ್ಟ ಭರ್ತಿ - ಇವು ಸಾಮಾನ್ಯ ತೀರ್ಪುಗಳು. ಅದರ ಜೊತೆಗೆ, ಇಂದು ಉತ್ತರ ಕೊಟ್ಟವನು ಮುಂದೊಂದು ದಿನ ಇನ್ನೊಬ್ಬನ ಪ್ರಕರಣದಲ್ಲಿ ಪಂಚನಾಗಿ ಕೂಡಬೇಕು. ಅರ್ಬನ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ 2002ರಲ್ಲಿ ನಾಲ್ಕು ರಾಜ್ಯಗಳ ಅಧ್ಯಯನವನ್ನು ಪ್ರಕಟಿಸಿತು. ಅಲಾಸ್ಕಾದಲ್ಲಿ ಈ ನ್ಯಾಯಾಲಯಗಳಿಗೆ ಹೋದವರಲ್ಲಿ ಆರು ತಿಂಗಳೊಳಗೆ ಮತ್ತೆ ತಪ್ಪು ಮಾಡಿದವರು ಶೇಕಡಾ 6, ಮಾಮೂಲು ಕ್ರಮದಲ್ಲಿ ಶೇಕಡಾ 23. ಮಿಸ್ಸೂರಿಯಲ್ಲಿ 9 ಮತ್ತು 28. ಆದರೆ ಮೇರಿಲ್ಯಾಂಡಿನಲ್ಲಿ ಇಂಥ ಲಾಭ ಕಾಣಲಿಲ್ಲ. ಅಂದರೆ ನ್ಯಾಯಾಲಯವೆಂಬ ಹೆಸರಿನಿಂದ ಫಲ ಬರುವುದಿಲ್ಲ. ಅದು ನಡೆಯುವ ರೀತಿಯಿಂದ ಬರುತ್ತದೆ.

ಹಾಗಾದರೆ ಆ ರೀತಿ ಯಾವುದು? ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕೊಥರೂಡಿನ ಒಂದು ಹೌಸಿಂಗ್ ಸೊಸೈಟಿ. ಹದಿನಾಲ್ಕರ ಹರೆಯದ ನಮ್ಮ ಹುಡುಗ ಕೆಳಗೆ ನಿಂತು ಊರಿನ ಅಜ್ಜಿಯೊಡನೆ ಫೋನಿನಲ್ಲಿ ಕನ್ನಡದಲ್ಲಿ ಮಾತನಾಡುತ್ತಿದ್ದಾನೆ. ಗೆಳೆಯರ ಗುಂಪಿನಲ್ಲಿ ಒಬ್ಬ ಮರಾಠಿ ಹುಡುಗ ‘ಯಂಡುಗುಂಡು’ ಎಂದು ಅಣಕಿಸುತ್ತಾನೆ. ಎಲ್ಲರೂ ನಗುತ್ತಾರೆ. ನಮ್ಮವನು ತಳ್ಳುತ್ತಾನೆ, ಅವನ ಕನ್ನಡಕ ಬಿದ್ದು ಒಡೆಯುತ್ತದೆ. ಸಂಜೆಯೊಳಗೆ ಎರಡು ಮನೆಗಳ ತಂದೆಯರು ಏರುದನಿಯಲ್ಲಿರುತ್ತಾರೆ. ರಾತ್ರಿಯೊಳಗೆ ಅದು ವಾಟ್ಸ್ಯಾಪಿನಲ್ಲಿ ಎರಡು ಭಾಷೆಗಳ ಜಗಳವಾಗಿರುತ್ತದೆ.

ಮಕ್ಕಳ ನ್ಯಾಯಪೀಠ ಇದನ್ನು ಹೇಗೆ ವಿಚಾರಿಸಬೇಕು? ಮೊದಲನೆಯದಾಗಿ, ಒಬ್ಬೊಬ್ಬನೂ ತನ್ನ ಕಥೆಯನ್ನು ತಡೆಯಿಲ್ಲದೆ ಹೇಳಬೇಕು. ಎರಡನೆಯದಾಗಿ, ಒಬ್ಬ ಹೇಳಿದ್ದನ್ನು ಇನ್ನೊಬ್ಬ ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಮೊದಲನೆಯವನು ‘ಹೌದು, ನಾನು ಹೇಳಿದ್ದು ಅದೇ’ ಎನ್ನುವವರೆಗೆ ಮುಂದೆ ಹೋಗುವಂತಿಲ್ಲ. ಇದು ಸುಲಭವೆಂದು ತಿಳಿದವರು ಇಂದು ರಾತ್ರಿ ತಮ್ಮ ಮನೆಯಲ್ಲಿಯೇ ಪ್ರಯತ್ನಿಸಿ ನೋಡಬಹುದು. ಮೂರನೆಯದಾಗಿ, ಪಂಚರು ‘ಏಕೆ ಮಾಡಿದೆ?’ ಎಂದು ಗದರುವ ಬದಲು ‘ಆಗ ಏನಾಯಿತು? ಇದರಿಂದ ಯಾರು ಯಾರಿಗೆ ತೊಂದರೆಯಾಯಿತು?’ ಎಂದು ಕೇಳಬೇಕು. ಆಗ ಕನ್ನಡಕಕ್ಕೆ ಹಣ ತೆತ್ತ ತಾಯಿ, ಫೋನಿನ ಆ ತುದಿಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಅಜ್ಜಿ, ಸುಮ್ಮನೆ ನಿಂತು ನಕ್ಕ ಗೆಳೆಯರು, ಎಲ್ಲರೂ ಪ್ರಕರಣದೊಳಗೆ ಬರುತ್ತಾರೆ.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮ: ಬಾಯಲ್ಲಿ ಬರುವ ಬೇಡಿಕೆಯನ್ನೂ ಅದರ ಹಿಂದಿನ ಅಗತ್ಯವನ್ನೂ ಬೇರ್ಪಡಿಸುವುದು. ‘ಅವನು ಎಲ್ಲರೆದುರು ಕ್ಷಮೆ ಕೇಳಲಿ’ ಎಂಬುದು ಬೇಡಿಕೆ. ನನ್ನ ಭಾಷೆಯನ್ನು ಸಂಕೋಚವಿಲ್ಲದೆ ಅಂಗಳದಲ್ಲಿ ಆಡುವಂತಾಗಬೇಕು ಎಂಬುದು ಅಗತ್ಯ. ‘ದುಡ್ಡು ಕೊಡಲಿ’ ಎಂಬುದು ಬೇಡಿಕೆ. ನಾಳೆ ತರಗತಿಯಲ್ಲಿ ಹಲಗೆಯ ಬರಹ ಕಾಣಬೇಕು ಎಂಬುದು ಅಗತ್ಯ. ಬೇಡಿಕೆಗಳು ಒಂದನ್ನೊಂದು ಹೊಡೆಯುತ್ತವೆ. ಅಗತ್ಯಗಳು ಅಷ್ಟಾಗಿ ಹೊಡೆದಾಡುವುದಿಲ್ಲ. ಎರಡನ್ನೂ ಒಟ್ಟಿಗೆ ಪೂರೈಸುವ ದಾರಿ ಹಲವು ವೇಳೆ ಸಿಗುತ್ತದೆ. ಐದನೆಯದಾಗಿ, ಒಪ್ಪಂದ ಬರಹದಲ್ಲಿರಬೇಕು: ಯಾರು, ಏನನ್ನು, ಯಾವ ತಾರೀಖಿನೊಳಗೆ ಮಾಡಬೇಕು. ‘ಇನ್ನು ಮುಂದೆ ಸರಿಯಾಗಿರುತ್ತೇವೆ’ ಎಂಬುದು ಒಪ್ಪಂದವಲ್ಲ. ಹದಿನೈದು ದಿನಗಳ ಮೇಲೆ ಅದೇ ಪಂಚರು ಮತ್ತೆ ಕೂಡಿ, ನುಡಿದಂತೆ ನಡೆಯಿತೇ ಎಂದು ನೋಡಬೇಕು.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಅರ್ಧ ಸತ್ಯವನ್ನು ಹೇಳಿದಂತಾದೀತು. ರಾಜಿ ಎಂಬ ಸಿಹಿ ಮಾತಿನ ಕೆಳಗೆ ಅನ್ಯಾಯವನ್ನು ಮುಚ್ಚಿದ ಇತಿಹಾಸವೂ ನಮಗಿದೆ. ಊರ ಹಿರಿಯರು ಚಾವಡಿಯಲ್ಲಿ ಕೂತು ನ್ಯಾಯ ಹೇಳುತ್ತಿದ್ದರೆಂದು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆ ಚಾವಡಿಯ ಮೆಟ್ಟಿಲನ್ನು ಏರಲು ಯಾರಿಗೆ ಅವಕಾಶವಿತ್ತು, ಹೆಂಗಸರ ಮಾತು ಅಲ್ಲಿ ಎಷ್ಟು ನಡೆಯುತ್ತಿತ್ತು ಎಂಬುದನ್ನು ಕೇಳುವುದಿಲ್ಲ. ಜಾತಿ ಪಂಚಾಯತುಗಳು ಮನೆತನಗಳಿಗೆ ಹಾಕುತ್ತಿದ್ದ ಬಹಿಷ್ಕಾರವನ್ನು ತಡೆಯಲು ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ತರಬೇಕಾಯಿತು. ಮಕ್ಕಳ ಕೈಗೆ ಪೀಠ ಕೊಟ್ಟ ಮಾತ್ರಕ್ಕೆ ಈ ದೋಷ ಹೋಗುವುದಿಲ್ಲ. ಮಕ್ಕಳೂ ಕ್ರೂರರಾಗಬಲ್ಲರು, ಗುಂಪಿನ ಮುಂದಾಳುವಿನ ಮುಖ ನೋಡಿ ತೀರ್ಪು ಕೊಡಬಲ್ಲರು.

ಆದ್ದರಿಂದ ಕೆಲವು ಗೆರೆಗಳನ್ನು ದಾಟಬಾರದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಎಂದಿಗೂ ಇಂಥ ಪೀಠದ ಮುಂದೆ ಬರಕೂಡದು. 2012ರ ಪೋಕ್ಸೋ ಕಾಯಿದೆಯಂತೆ ಅದನ್ನು ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ಜಾತಿ ನಿಂದನೆ, ಗಂಭೀರ ಗಾಯ, ಸತತ ಪೀಡನೆ - ಇವು ರಾಜಿಯ ವಿಷಯಗಳಲ್ಲ. ಪೀಠದ ಮುಂದೆ ಬರುವುದು ಎರಡೂ ಕಡೆಯವರ ಇಷ್ಟಕ್ಕೆ ಬಿಟ್ಟದ್ದಾಗಿರಬೇಕು. ಅವಮಾನಗೊಳಿಸುವ ಶಿಕ್ಷೆ, ದೈಹಿಕ ಶಿಕ್ಷೆ, ಮಾತು ಬಿಡಿಸುವ ಶಿಕ್ಷೆ ಕೂಡದು. ಅಲ್ಲಿ ನಡೆದ ಮಾತು ಹೊರಗೆ ಹೋಗಬಾರದು. ತರಬೇತಿ ಪಡೆದ ಹಿರಿಯರೊಬ್ಬರು ಹಿಂದೆ ಕೂತಿರಬೇಕು. ಈ ಗೆರೆಗಳನ್ನು ಕಾಯುವುದಷ್ಟೇ ಅವರ ಕೆಲಸ, ತೀರ್ಪು ಹೇಳುವುದಲ್ಲ.

ಬಂಧುಗಳೆ, ಇದನ್ನು ಶಾಲೆಗಳೇ ಮಾಡಲಿ, ಕನ್ನಡ ಸಂಘಕ್ಕೇಕೆ ಈ ಉಸಾಬರಿ ಎಂದು ನೀವು ಕೇಳಬಹುದು. ನಮ್ಮ ಮಕ್ಕಳು ಎರಡು ನಾಡುಗಳ ತಕರಾರಿನ ನಡುವೆ ಬೆಳೆಯುತ್ತಿರುವವರು ಎಂಬುದೇ ನನ್ನ ಉತ್ತರ. 1956ರ ರಾಜ್ಯ ಪುನರ್ವಿಂಗಡಣೆಯಿಂದ ಹುಟ್ಟಿದ ಗಡಿ ವಿವಾದಕ್ಕೆ 1966ರಲ್ಲಿ ಮಹಾಜನ್ ಆಯೋಗ ನೇಮಕವಾಯಿತು, 1967ರಲ್ಲಿ ವರದಿ ಬಂದಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ದೊಡ್ಡವರ ನ್ಯಾಯ ತೀರಲಿಲ್ಲ. 2022ರ ಡಿಸೆಂಬರಿನಲ್ಲಿ ಬೆಳಗಾವಿಯ ಹಿರೇಬಾಗೇವಾಡಿಯ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು. ಅದೇ ಹೊತ್ತಿಗೆ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ನಮ್ಮ ಮಕ್ಕಳು ಎರಡನ್ನೂ ಒಂದೇ ದಿನ ಕಂಡರು. ಅವರು ಮರಾಠಿಯಲ್ಲಿ ಆಡಿ ಬೆಳೆದವರು, ಕನ್ನಡದಲ್ಲಿ ಜೋಗುಳ ಕೇಳಿದವರು. ಯಾರ ಪರ ಎಂದು ಕೇಳಿದರೆ ಅವರೇನು ಹೇಳಬೇಕು? ಊರಿನಲ್ಲಿ ಕುಳಿತವರಿಗೆ ಗಡಿ ಭೂಪಟದ ಮೇಲಿನ ಗೆರೆ. ಈ ಮಕ್ಕಳಿಗೆ ಅದು ಆಟದ ಅಂಗಳದ ನಡುವೆ, ಕೆಲವೊಮ್ಮೆ ಊಟದ ಪಂಕ್ತಿಯ ನಡುವೆ ಹಾಯುವ ಗೆರೆ. ಎರಡೂ ಭಾಷೆಗಳಲ್ಲಿ ಕೇಳಬಲ್ಲವರು ಅವರೇ ಆದುದರಿಂದ, ಈ ವಿದ್ಯೆಗೆ ಅವರಷ್ಟು ಅರ್ಹರು ಬೇರೆಯವರಿಲ್ಲ.

ನಾವು ನೆಲೆಸಿರುವ ಈ ನೆಲದಲ್ಲಿಯೂ ಅದಕ್ಕೆ ಬೇರುಗಳಿವೆ. 1870ರಲ್ಲಿ ಸ್ಥಾಪನೆಯಾದ ಪುಣೆಯ ಸಾರ್ವಜನಿಕ ಸಭೆಯ ಗಣೇಶ ವಾಸುದೇವ ಜೋಶಿಯವರೂ ನ್ಯಾಯಮೂರ್ತಿ ರಾನಡೆಯವರೂ ಆ ದಶಕದಲ್ಲಿಯೇ ಲವಾದ ನ್ಯಾಯಾಲಯಗಳಿಗೆ, ಅಂದರೆ ಮಧ್ಯಸ್ಥರ ನ್ಯಾಯಾಲಯಗಳಿಗೆ, ಚಾಲನೆ ಕೊಟ್ಟರು. 2007ರ ಆಗಸ್ಟ್ 15ರಂದು ಮಹಾರಾಷ್ಟ್ರ ಸರ್ಕಾರ ತಂಟಾಮುಕ್ತ ಗಾಂವ್ ಅಭಿಯಾನವನ್ನು ಆರಂಭಿಸಿ ಹಳ್ಳಿಯ ವ್ಯಾಜ್ಯಗಳನ್ನು ಹಳ್ಳಿಯ ಸಮಿತಿಗಳಲ್ಲಿಯೇ ತೀರಿಸಲು ಉತ್ತೇಜನ ನೀಡಿತು. ಮರಾಠಿಯ ಆ ‘ತಂಟಾ’ ನಮ್ಮ ತಂಟೆ-ತಕರಾರಿನ ತಂಟೆಯೇ. ಜಗಳಕ್ಕೆ ಎರಡು ಭಾಷೆಗಳಲ್ಲಿ ಒಂದೇ ಶಬ್ದವಿರುವಾಗ ಅದನ್ನು ಬಿಡಿಸುವ ಬಗೆ ಬೇರೆಯಾಗಬೇಕಿಲ್ಲ. ಅತ್ತ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆಗಳನ್ನು ನಡೆಸುತ್ತವೆ. ಮಕ್ಕಳು ಎದ್ದು ನಿಂತು ಪ್ರಶ್ನಿಸಿದರೆ ಹಿರಿಯರು ಉತ್ತರ ಕೊಡಬೇಕೆಂಬ ವಾಡಿಕೆ ಅಲ್ಲಿ ಬೇರೂರುತ್ತಿದೆ.

ಆದ್ದರಿಂದ ನನ್ನ ಸೂಚನೆ ಸರಳ. ಇಲ್ಲಿನ ಸಂಘ ಸಂಸ್ಥೆಗಳಿಗೆ ಸಭಾಂಗಣಗಳಿವೆ. ಪುಣೆಯ ಕನ್ನಡ ಸಂಘಕ್ಕೆ ತನ್ನದೇ ಆದ ಶಾಲೆಗಳಿವೆ. ಬರುವ ಬೇಸಿಗೆ ರಜೆಯಲ್ಲಿ ಹನ್ನೆರಡರಿಂದ ಹದಿನೇಳು ವಯಸ್ಸಿನ ಇಪ್ಪತ್ತು ಮಕ್ಕಳಿಂದ ಆರಂಭಿಸೋಣ. ಅರ್ಧದಷ್ಟು ಹುಡುಗಿಯರಿರಲಿ, ಕನ್ನಡೇತರ ಗೆಳೆಯರೂ ಇರಲಿ, ಏಕೆಂದರೆ ನಮ್ಮವರೇ ಕೂತು ನಮ್ಮವರಿಗೇ ಹೇಳುವ ನ್ಯಾಯ ಈ ಊರಿನಲ್ಲಿ ಪ್ರಯೋಜನಕ್ಕೆ ಬಾರದು. ಮೊದಲ ಆರು ವಾರ ಕಲ್ಪಿತ ಪ್ರಕರಣಗಳ ಮೇಲೆ ಅಭ್ಯಾಸವಾಗಲಿ. ಆಮೇಲೆ ತಿಂಗಳಿಗೊಮ್ಮೆ ನಿಜವಾದ ದೂರುಗಳು ಬರಲಿ: ಒಡೆದ ಗಾಜು, ಮರಳಿಸದ ಪುಸ್ತಕ, ಹಚ್ಚಿದ ಅಡ್ಡಹೆಸರು, ತಂಡದಿಂದ ಬಿಟ್ಟ ಸಿಟ್ಟು. ಯಾವ ಮಗುವೂ ಶಾಶ್ವತವಾಗಿ ನ್ಯಾಯಾಧೀಶನಲ್ಲ. ಚೀಟಿ ಎತ್ತಿ ಆರಿಸೋಣ.

ಇದಕ್ಕೆ ಖರ್ಚು ಹೆಚ್ಚಿಲ್ಲ. ಆದರೆ ಒಂದು ಬೆಲೆಯಿದೆ, ಅದನ್ನು ತೆರಬೇಕಾದವರು ನಾವು. ಕೋರ್ಚಾಕರ ನ್ಯಾಯಾಲಯ ನಿಂತದ್ದು ಮಕ್ಕಳ ಜಾಣತನದಿಂದ ಮಾತ್ರವಲ್ಲ, ಹಿರಿಯನೊಬ್ಬ ಅದಕ್ಕೆ ತಲೆಬಾಗಿದ್ದರಿಂದ. ನಮ್ಮ ಸಂಘಗಳಲ್ಲಿಯೂ ಮಕ್ಕಳಿಗೆ ದೂರುಗಳಿವೆ. ಪಾತ್ರ ಹಂಚುವಾಗ ಪಕ್ಷಪಾತವಾಯಿತು, ಕನ್ನಡ ತಪ್ಪಾಗಿ ಆಡಿದ್ದಕ್ಕೆ ಎಲ್ಲರೆದುರು ನಕ್ಕರು, ಮರಾಠಿ ಗೆಳತಿಯನ್ನು ಕರೆತಂದದ್ದಕ್ಕೆ ಮುಖ ಸಿಂಡರಿಸಿದರು ಎಂಬಂಥವು. ಆ ದೂರು ಬರಹದಲ್ಲಿ ಬಂದು, ಹದಿಮೂರರ ಹುಡುಗಿಯೊಬ್ಬಳು ಪೀಠದಿಂದ ನಮ್ಮಲ್ಲೊಬ್ಬರನ್ನು ಹೆಸರು ಹಿಡಿದು ಕರೆದು, ‘ಅವಳು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ಕಾಕಾ’ ಎಂದರೆ ನಾವು ಎದ್ದು ನಿಲ್ಲುತ್ತೇವೆಯೇ?

ಈ ಪ್ರಶ್ನೆಯನ್ನು ಕಾರ್ಯಕಾರಿ ಸಮಿತಿ ತನ್ನ ಮುಂದಿನ ಸಭೆಯಲ್ಲಿ ಎತ್ತಿಕೊಳ್ಳಬೇಕೆಂದು ಕೋರುತ್ತೇನೆ. ಹೌದು ಎಂದು ಹತ್ತು ಮಂದಿ ಹಿರಿಯರು ಸಹಿ ಹಾಕಿದರೂ ಸಾಕು, ಇಪ್ಪತ್ತು ಮಕ್ಕಳನ್ನು ಕೂಡಿಸುವುದು ಕಷ್ಟವಾಗದು.